ಸ್ಪ್ಯಾಮ್ ಕರೆ ತಡೆ: ಫೋನಿನಲ್ಲೇ ಇರುವ ಸೌಲಭ್ಯಗಳು ಮತ್ತು ಕಾಲರ್ ಐಡಿ ಆ್ಯಪ್‌ಗಳು, ದೀರ್ಘ ಬಳಕೆಯ ನಂತರ

ಬೇಡದ ಕರೆ ಬಂದಾಗಲೆಲ್ಲ ಆ ನಂಬರನ್ನು ಬ್ಲಾಕ್ ಮಾಡುತ್ತ ಕೂರುವುದು ಇರುವ ಉಪಾಯಗಳಲ್ಲೆಲ್ಲ ಅತಿ ಕಡಿಮೆ ಫಲ ಕೊಡುವಂಥದ್ದು. ಫೋನಿನಲ್ಲಿ ಆ ಗುಂಡಿಯೇ ಎದ್ದು ಕಾಣುವುದರಿಂದ ಎಲ್ಲರೂ ಅದನ್ನೇ ಒತ್ತುತ್ತಾರೆ. ಪಟ್ಟಿ ಬೆಳೆಯುತ್ತದೆ, ಕರೆ ಮಾತ್ರ ನಿಲ್ಲುವುದಿಲ್ಲ. ಇಂಟರ್ನೆಟ್ ಮೂಲಕ ಕರೆ ಕಳಿಸುವ ವ್ಯವಸ್ಥೆಗಳಲ್ಲಿ ನಿಮ್ಮ ಪರದೆಯ ಮೇಲೆ ಯಾವ ನಂಬರ್ ಮೂಡಬೇಕು ಎಂಬುದನ್ನು ಎಷ್ಟೋ ಸಲ ಕಳಿಸುವವರೇ ತುಂಬಿಸಬಹುದು. ನಿಮ್ಮದೇ ನಂಬರಿನ ಮೊದಲ ಅಂಕಿಗಳನ್ನು ಹೋಲುವ ನಂಬರ್ ತೋರಿಸಿದರೆ ನೀವು ಎತ್ತುವ ಸಾಧ್ಯತೆ ಹೆಚ್ಚು ಎಂಬುದು ಅವರಿಗೆ ಗೊತ್ತು. ಇವತ್ತು ಬಳಸಿದ ನಂಬರ್ ನಾಳೆ ಅವರಿಗೆ ಬೇಕಾಗುವುದಿಲ್ಲ. ಅದರ ನಿಜವಾದ ಮಾಲೀಕರು ಏನೂ ಅರಿಯದ ಬೇರೆ ಯಾರೋ ಆಗಿರಬಹುದು, ಹಾಗಾಗಿ ವಾಪಸ್ ಕರೆ ಮಾಡಿ ಬೈಯುವುದಂತೂ ಬೇಡವೇ ಬೇಡ. ಒಂದೇ ನಂಬರಿನಿಂದ ಪದೇ ಪದೇ ಕಾಡುವ ವ್ಯಕ್ತಿ ಅಥವಾ ಕಚೇರಿ ಇದ್ದರೆ ಬ್ಲಾಕ್ ಪಟ್ಟಿ ಸಾಕು. ಅದರಾಚೆಗೆ ಅದರಿಂದ ಪ್ರಯೋಜನ ಕಾಣೆ.

ಕೆಲಸಕ್ಕೆ ಬರುವುದು ಇದರ ತದ್ವಿರುದ್ಧ ದಾರಿ: ಗೊತ್ತಿರುವವರ ಕರೆಗೆ ಮಾತ್ರ ರಿಂಗ್, ಉಳಿದದ್ದೆಲ್ಲ ಸದ್ದಿಲ್ಲದೆ ಕರೆಗಳ ಪಟ್ಟಿಗೆ.

ಐಫೋನಿನಲ್ಲಿ 2019ರ ಐಒಎಸ್ 13ರಿಂದಲೂ (ಐಒಎಸ್ ಎಂದರೆ ಐಫೋನಿನ ಮೂಲ ತಂತ್ರಾಂಶ) 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಇದೆ. ಐಒಎಸ್ 18ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಫೋನ್ ಎಂಬ ದಾರಿಯಲ್ಲಿ ಸಿಗುತ್ತದೆ. ಹಳೆಯದರಲ್ಲಿ ಸೆಟ್ಟಿಂಗ್ಸ್‌ನಲ್ಲಿ ನೇರವಾಗಿ ಫೋನ್ ಒತ್ತಿದರಾಯಿತು. ಕಾಂಟ್ಯಾಕ್ಟ್ಸ್‌ನಲ್ಲಿ ಇರುವವರು, ನೀವೇ ಇತ್ತೀಚೆಗೆ ಕರೆ ಮಾಡಿದ ನಂಬರ್‌ಗಳು, ಮೇಲ್‌ನಂಥ ಕಡೆಗಳಿಂದ ಐಫೋನಿನ ಸಹಾಯಕ ಸಿರಿ ಗುರುತಿಸಿದ ನಂಬರ್‌ಗಳು ಮಾತ್ರ ರಿಂಗ್ ಆಗುತ್ತವೆ. ಉಳಿದವು ವಾಯ್ಸ್‌ಮೇಲ್ ಇದ್ದರೆ ಅಲ್ಲಿಗೆ ಹೋಗುತ್ತವೆ, ರೀಸೆಂಟ್ಸ್‌ನಲ್ಲಿ ಕಾಣುತ್ತವೆ. ಕೊರಿಯರ್‌ನವರ ಕರೆ ತಪ್ಪಬಾರದು ಎಂದಿದ್ದರೆ ಅವರ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ. ಆಮೇಲೆ ಅವರ ಕರೆಗೆ ರಿಂಗ್ ಆಗುತ್ತದೆ. ತುರ್ತು ಸೇವೆಗೆ ಕರೆ ಮಾಡಿದರೆ ಈ ಸೌಲಭ್ಯ 24 ಗಂಟೆ ತಾನಾಗಿಯೇ ಆಫ್ ಆಗಿರುತ್ತದೆ, ಅವರು ತಿರುಗಿ ಕರೆ ಮಾಡಬೇಕಾಗಬಹುದು ಎಂಬ ಕಾರಣಕ್ಕೆ. ಇದು ನಿಜಕ್ಕೂ ಯೋಚಿಸಿ ಮಾಡಿದ ಏರ್ಪಾಡು. 2025ರ ಐಒಎಸ್ 26ರಲ್ಲಿ 'ಆಸ್ಕ್ ರೀಸನ್ ಫಾರ್ ಕಾಲಿಂಗ್' ಎಂಬ ಆಯ್ಕೆಯೂ ಬಂದಿದೆ: ಅಪರಿಚಿತರು ಹೆಸರು ಮತ್ತು ಕಾರಣ ಹೇಳಿದ ಮೇಲೆ, ಅದನ್ನು ಓದಿ ಎತ್ತಬೇಕೋ ಬೇಡವೋ ನೀವು ನಿರ್ಧರಿಸಬಹುದು. ನಿಮ್ಮ ಭಾಷೆ, ಪ್ರದೇಶಕ್ಕೆ ಅದು ಲಭ್ಯವಿದ್ದರೆ ಪೂರ್ತಿ ಮೌನಕ್ಕಿಂತ ಅದೇ ಮೇಲು.

ಆಂಡ್ರಾಯ್ಡ್‌ನಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಫೋನ್ ಆ್ಯಪ್‌ನ ಬ್ಲಾಕ್ಡ್ ನಂಬರ್ಸ್‌ನಲ್ಲಿ 'ಅನ್‌ನೋನ್' ಎಂಬ ಸ್ವಿಚ್ ಇರುತ್ತದೆ. ಕಾಂಟ್ಯಾಕ್ಟ್ಸ್‌ನಲ್ಲಿ ಇಲ್ಲದವರನ್ನೆಲ್ಲ ಇದು ತಡೆಯುತ್ತದೆ ಎಂದುಕೊಂಡು ಆನ್ ಮಾಡುತ್ತಾರೆ. ಅದು ತಡೆಯುವುದು ನಂಬರನ್ನೇ ಮರೆಮಾಡಿ ಬರುವ ಕರೆಗಳನ್ನು ಮಾತ್ರ. ಸ್ಪ್ಯಾಮ್‌ನವರಾದರೋ ಯಾವುದೋ ಒಂದು ನಂಬರ್ ತೋರಿಸಿಯೇ ತೋರಿಸುತ್ತಾರೆ, ಆದ್ದರಿಂದ ಈ ಸ್ವಿಚ್‌ಗೆ ಸಿಕ್ಕಿಬೀಳುವುದು ಕಡಿಮೆ. ಆನ್ ಇರಲಿ, ಆದರೆ ಅದನ್ನೇ ನೆಚ್ಚಬೇಡಿ.

ಗೂಗಲ್‌ನ ಫೋನ್ ಆ್ಯಪ್‌ನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, 'ಕಾಲರ್ ಐಡಿ ಅಂಡ್ ಸ್ಪ್ಯಾಮ್' ತೆರೆದರೆ ಎರಡು ಹಂತ ಸಿಗುತ್ತದೆ. ಮೊದಲನೆಯದು ಸ್ಪ್ಯಾಮ್ ಎಂದು ಪರದೆಯಲ್ಲಿ ಎಚ್ಚರಿಸುತ್ತದೆ. 'ಫಿಲ್ಟರ್ ಸ್ಪ್ಯಾಮ್ ಕಾಲ್ಸ್' ಎಂಬ ಎರಡನೆಯದು ರಿಂಗನ್ನೇ ತಡೆಯುತ್ತದೆ. ಮಿಸ್ಡ್ ಕಾಲ್ ಸೂಚನೆಯೂ ಬರುವುದಿಲ್ಲ, ಕಾಲ್ ಹಿಸ್ಟರಿಯಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಆಗಾಗ ಹಿಸ್ಟರಿ ತೆರೆದು ನೋಡುವ ಅಭ್ಯಾಸ ಇರುವವರು ಮಾತ್ರ ಎರಡನೆಯದನ್ನು ಆನ್ ಮಾಡಿ.

ಪೂರ್ತಿ 'ಕಾಂಟ್ಯಾಕ್ಟ್ಸ್ ಮಾತ್ರ' ಬೇಕೆಂದರೆ ಆಂಡ್ರಾಯ್ಡ್‌ನಲ್ಲಿ ಫೋನಿನ ಸದ್ದನ್ನೆಲ್ಲ ತಡೆಯುವ ಡು ನಾಟ್ ಡಿಸ್ಟರ್ಬ್ ಮೂಲಕವೇ ಹೋಗಬೇಕು. ಅದರಲ್ಲಿ ಪೀಪಲ್, ಕಾಲ್ಸ್, ಕಾಂಟ್ಯಾಕ್ಟ್ಸ್ ಆಯ್ದುಕೊಳ್ಳಿ. ಅಲಾರಂ ಮತ್ತು ಮುಖ್ಯ ಆ್ಯಪ್‌ಗಳಿಗೆ ವಿನಾಯಿತಿ ಕೊಡಿ, ಇಲ್ಲದಿದ್ದರೆ ಅವೂ ಬಾಯಿ ಮುಚ್ಚುತ್ತವೆ. ಅಲ್ಲೇ ಇರುವ 'ರಿಪೀಟ್ ಕಾಲರ್ಸ್' ಎಂಬುದನ್ನು ಗಮನಿಸಿ. 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಸಲ ಕರೆ ಬಂದರೆ ಅದು ಒಳಗೆ ಬಿಟ್ಟುಬಿಡುತ್ತದೆ. (ಐಫೋನಿನ ಡು ನಾಟ್ ಡಿಸ್ಟರ್ಬ್‌ನಲ್ಲಿ ಇದೇ ಸೌಲಭ್ಯದ ಅವಧಿ 3 ನಿಮಿಷ.) ಮೊದಲ ಕರೆ ಎತ್ತದಿದ್ದರೆ ಕೂಡಲೇ ಮತ್ತೆ ಒತ್ತುವ ಯಂತ್ರಗಳು ಈ ಕಿಂಡಿಯಿಂದಲೇ ನುಸುಳುತ್ತವೆ. ಮನೆಯಲ್ಲಿ ಹಿರಿಯರು, ಶಾಲೆಗೆ ಹೋಗುವ ಮಕ್ಕಳು ಇದ್ದರೆ ರಿಪೀಟ್ ಕಾಲರ್ಸ್ ಆಫ್ ಮಾಡುವ ಮುನ್ನ ಯೋಚಿಸಿ. ಆಸ್ಪತ್ರೆ, ಶಾಲೆ, ಬ್ಯಾಂಕ್ ನಂಬರ್‌ಗಳನ್ನು ಮೊದಲೇ ಸೇವ್ ಮಾಡಿಟ್ಟರೆ ಈ ಸಂದಿಗ್ಧ ಬಹುಮಟ್ಟಿಗೆ ತಪ್ಪುತ್ತದೆ. ಸೇವ್ ಮಾಡುವಾಗ + ಚಿಹ್ನೆ ಮತ್ತು ದೇಶದ ಕೋಡ್ ಸೇರಿಸಿ. ಬೇರೆ ದೇಶದಲ್ಲಿದ್ದಾಗಲೂ ಹೊಂದಾಣಿಕೆ ತಪ್ಪುವುದಿಲ್ಲ.

ಇನ್ನು ಕಾಲರ್ ಐಡಿ ಆ್ಯಪ್‌ಗಳು, ಅಂದರೆ ಕರೆ ಮಾಡುತ್ತಿರುವವರು ಯಾರೆಂದು ಗುರುತಿಸಿ ತೋರಿಸುವಂಥವು. ಐಫೋನ್ ಮತ್ತು ಆಂಡ್ರಾಯ್ಡ್‌ನಲ್ಲಿ ಇವು ಕೆಲಸ ಮಾಡುವ ಬಗೆಯೇ ಬೇರೆ ಬೇರೆ. ಗೆಳೆಯರ ಫೋನಿನಲ್ಲಿ ಚೆನ್ನಾಗಿದೆ ಎಂದು ಹಾಕಿಕೊಂಡವರಿಗೆ ನಿರಾಸೆಯಾಗುವುದು ಇದರಿಂದಲೇ. 2016ರ ಐಒಎಸ್ 10ರಿಂದ ಐಫೋನಿನಲ್ಲಿ ಇರುವ ಕ್ರಮ ಹೀಗೆ: ಆ್ಯಪ್ ತನ್ನ ನಂಬರ್ ಪಟ್ಟಿಯನ್ನು ಮೊದಲೇ ಫೋನಿಗೆ ಒಪ್ಪಿಸುತ್ತದೆ, ಕರೆ ಬಂದಾಗ ಫೋನೇ ಪಟ್ಟಿ ನೋಡುತ್ತದೆ, ಯಾರು ಕರೆ ಮಾಡಿದರೆಂದು ಆ್ಯಪ್‌ಗೆ ತಿಳಿಯುವುದಿಲ್ಲ. ಖಾಸಗಿತನಕ್ಕೆ ಒಳ್ಳೆಯದು, ಆದರೆ ಪಟ್ಟಿ ಹಳತಾದರೆ ಗುರುತೂ ಹಳತು. ಕೆಲವು ಆ್ಯಪ್‌ಗಳು ಪಟ್ಟಿಯನ್ನು ಹಲವು ತುಂಡು ಮಾಡಿರುತ್ತವೆ. 'ಕಾಲ್ ಬ್ಲಾಕಿಂಗ್ ಅಂಡ್ ಐಡೆಂಟಿಫಿಕೇಶನ್'ನಲ್ಲಿ ಅವುಗಳ ಸ್ವಿಚ್‌ಗಳೆಲ್ಲವೂ ಆನ್ ಇರಬೇಕು. 2024ರ ಐಒಎಸ್ 18 ತಂದ 'ಲೈವ್ ಕಾಲರ್ ಐಡಿ ಲುಕಪ್' ಈ ಕೊರತೆ ನೀಗಿಸುತ್ತದೆ: ನಂಬರ್ ಗೂಢಲಿಪಿಯಲ್ಲಿ ಸರ್ವರ್‌ಗೆ ಹೋಗಿ, ಅಲ್ಲಿ ಬಿಚ್ಚದೆಯೇ ಹುಡುಕಾಟ ನಡೆದು ಉತ್ತರ ಬರುತ್ತದೆ. ಇಂಥ ಆ್ಯಪ್‌ಗಳಲ್ಲೊಂದಾದ ಟ್ರೂಕಾಲರ್ 2025ರಿಂದ ಇದನ್ನು ಬಳಸುತ್ತಿದೆ.

ಆಂಡ್ರಾಯ್ಡ್ 10ರಿಂದ ಈಚೆಗೆ, ಡಿಫಾಲ್ಟ್ ಆ್ಯಪ್ಸ್‌ನಲ್ಲಿ 'ಕಾಲರ್ ಐಡಿ ಅಂಡ್ ಸ್ಪ್ಯಾಮ್ ಆ್ಯಪ್' ಸ್ಥಾನಕ್ಕೆ ಒಂದೇ ಒಂದು ಆ್ಯಪ್ ಕೂರಬಲ್ಲದು. ಎರಡು ಹಾಕಿಕೊಂಡರೆ ಒಂದು ಸುಮ್ಮನೆ ಜಾಗ ತಿನ್ನುತ್ತದೆ. ಕರೆ ಬಂದಾಗ ತೀರ್ಪು ಹೇಳಲು ಆ್ಯಪ್‌ಗೆ ಸಿಗುವುದು 5 ಸೆಕೆಂಡ್. ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಮಲಗಿಸಿದ್ದರೆ, ಇಲ್ಲವೇ ಇಂಟರ್ನೆಟ್ ನಿಧಾನವಿದ್ದರೆ, ಗಡುವು ಮೀರಿ ಕರೆ ಎಂದಿನಂತೆ ರಿಂಗ್ ಆಗುತ್ತದೆ. 'ಆ್ಯಪ್ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ ನೋಡಿ.

ಕಾಂಟ್ಯಾಕ್ಟ್ಸ್ ಅನುಮತಿಯನ್ನು ಕೊಡಬೇಡಿ. ಅದರಲ್ಲಿರುವುದು ನಿಮ್ಮನ್ನು ನಂಬಿ ನಂಬರ್ ಕೊಟ್ಟವರ ವಿವರ, ಅದನ್ನು ಮೂರನೆಯವರಿಗೆ ದಾಟಿಸಲು ಅವರು ಒಪ್ಪಿಲ್ಲ. ಆಂಡ್ರಾಯ್ಡ್‌ನಲ್ಲಿ ಈ ಅನುಮತಿ ಇಲ್ಲದಿದ್ದರೆ ಕಾಂಟ್ಯಾಕ್ಟ್ಸ್‌ನಲ್ಲಿರುವವರ ಕರೆಗಳನ್ನು ಪರಿಶೀಲನೆಗೆಂದು ಆ್ಯಪ್‌ಗೆ ಒಪ್ಪಿಸುವುದೇ ಇಲ್ಲ. ಇದು ಲಾಭವೇ ಹೊರತು ನಷ್ಟವಲ್ಲ. ಅನುಮತಿ ಕೊಡದೆ ತೆರೆದುಕೊಳ್ಳಲೇ ಒಲ್ಲದ ಆ್ಯಪ್ ಇದ್ದರೆ ತೆಗೆದುಹಾಕಿ. ಸ್ಪ್ಯಾಮ್ ಎಂಬ ಮುದ್ರೆ ಬೀಳುವುದು ಬಹುಪಾಲು ಜನರ ದೂರಿನಿಂದ. ಪ್ರಾಮಾಣಿಕ ಕ್ಲಿನಿಕ್‌ಗೂ ಅದು ಬೀಳಬಹುದು. ಆದ್ದರಿಂದ ಆ್ಯಪ್ ಗುರುತು ತೋರಿಸಲಿ, ಕತ್ತರಿಸುವ ಅಧಿಕಾರ ಅದಕ್ಕೆ ಬೇಡ.

ಮೊಬೈಲ್ ಕಂಪನಿಯೇ ಮಾಡುವ ನೆಟ್‌ವರ್ಕ್ ಮಟ್ಟದ ತಡೆ ಸಿಮ್‌ಗೆ ಅಂಟಿದ್ದು; ಎರಡು ಸಿಮ್ ಇದ್ದರೆ ಎರಡಕ್ಕೂ ಪ್ರತ್ಯೇಕವಾಗಿ ಕೇಳಿ. ಅಮೆರಿಕದಲ್ಲಿ 2021ರ ಜೂನ್ 30ರಿಂದ ಕಡ್ಡಾಯವಾದ 'ಸ್ಟರ್/ಶೇಕನ್' ಪದ್ಧತಿ ಕರೆಯ ನಂಬರಿಗೆ ಡಿಜಿಟಲ್ ಸಹಿ ಹಾಕಿಸುತ್ತದೆ. ನಂಬರ್ ನಕಲಿಯಲ್ಲ ಎಂದು ಆ ಸಹಿ ಹೇಳಬಲ್ಲದು, ಮಾತಾಡುವವರು ಸಾಚಾ ಎಂದು ಹೇಳಲಾರದು. ದಾರಿಯಲ್ಲಿ ಹಳೆಯ ಮಾದರಿಯ ಎಕ್ಸ್‌ಚೇಂಜ್ ಅಡ್ಡ ಬಂದರೆ ಸಹಿ ಅಲ್ಲೇ ಕಳಚಿಹೋಗುತ್ತದೆ.

ಇಷ್ಟಾದರೂ ಒಂದೆರಡು ಕರೆ ಬರುತ್ತವೆ. ಸ್ವಯಂಚಾಲಿತ ಡಯಲರ್‌ಗಳು ಒಟ್ಟಿಗೆ ಹಲವು ನಂಬರ್ ಒತ್ತಿ, ಎತ್ತಿದವರ ದನಿ ಕೇಳಿದ ಮೇಲೆ ಸಿಬ್ಬಂದಿಗೆ ಜೋಡಿಸುತ್ತವೆ. ನೀವು 'ಹಲೋ' ಎಂದ ಮೇಲೆ ಬರುವ ಆ ಖಾಲಿ ಕ್ಷಣ ಅದೇ. ಸಂಶಯವಿದ್ದಾಗ ಎತ್ತಿ ಎರಡು ಮೂರು ಸೆಕೆಂಡ್ ಸುಮ್ಮನಿರಿ. ಮನುಷ್ಯರಾದರೆ ಅವರೇ ಮಾತಾಡಿಸುತ್ತಾರೆ, ಯಂತ್ರವಾದರೆ ಎಷ್ಟೋ ಸಲ ಕಡಿದುಕೊಳ್ಳುತ್ತದೆ. 'ಪಟ್ಟಿಯಿಂದ ಹೆಸರು ತೆಗೆಸಲು 9 ಒತ್ತಿ' ಎಂದರೆ ಒತ್ತಬೇಡಿ, ಈ ನಂಬರಿನಲ್ಲಿ ಜನ ಇದ್ದಾರೆ ಎಂಬುದಷ್ಟೇ ಅವರಿಗೆ ಖಾತ್ರಿಯಾಗುತ್ತದೆ. ಪರಿಚಯವಿಲ್ಲದ ವಿದೇಶಿ ಕೋಡ್‌ನಿಂದ ಒಂದೇ ರಿಂಗ್ ಆಗಿ ನಿಂತರೆ ತಿರುಗಿ ಕರೆ ಮಾಡಬೇಡಿ. ಆ ಕರೆಯ ದುಬಾರಿ ದರದಲ್ಲಿ ಅವರಿಗೆ ಪಾಲಿರುತ್ತದೆ.

ವಾಟ್ಸ್‌ಆ್ಯಪ್ ಕರೆಗಳಿಗೆ, ಡು ನಾಟ್ ಡಿಸ್ಟರ್ಬ್ ಬಿಟ್ಟರೆ, ಈ ಸೆಟ್ಟಿಂಗ್‌ಗಳು ಅನ್ವಯಿಸುವುದಿಲ್ಲ. ಅದರ ಸೆಟ್ಟಿಂಗ್ಸ್, ಪ್ರೈವಸಿ, ಕಾಲ್ಸ್‌ನಲ್ಲಿ 2023ರಿಂದ ಪ್ರತ್ಯೇಕ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಇದೆ. ಹಾಗೆಯೇ ಹೊಸ ಫೋನಿಗೆ ಬದಲಾದಾಗ ಕಾಂಟ್ಯಾಕ್ಟ್ಸ್ ಬಂದರೂ ಡಿಫಾಲ್ಟ್ ಸ್ಪ್ಯಾಮ್ ಆ್ಯಪ್, ಅನುಮತಿಗಳು, ಬ್ಯಾಟರಿ ವಿನಾಯಿತಿ ಹಾಗೆಯೇ ಬಂದಿವೆ ಎಂದು ನಂಬಬೇಡಿ. ಮೊದಲ ದಿನವೇ ಒಂದೊಂದಾಗಿ ತೆರೆದು ನೋಡಿ.