ಬಿಲ್ಡ್ ಸರ್ವರ್‌ಗೆ ಕ್ಲೈಂಟ್ ಸರ್ಟಿಫಿಕೇಟ್: ಕೆಲವು ವರ್ಷ ಬಳಸಿದ ಮೇಲೆ

ಕೋಡಿನಿಂದ ಪ್ರೋಗ್ರಾಂ ತಯಾರಿಸುವ ನಮ್ಮ ಬಿಲ್ಡ್ ಸರ್ವರ್, ಆ ಕೋಡ್ ಇಟ್ಟಿರುವ ಗಿಟ್ ರೆಪಾಸಿಟರಿಗೆ ಪಾಸ್‌ವರ್ಡ್ ಕೊಡುವುದಿಲ್ಲ, ಕ್ಲೈಂಟ್ ಸರ್ಟಿಫಿಕೇಟ್ (ತಾನು ಯಾರೆಂದು ಹೇಳುವ ಡಿಜಿಟಲ್ ಗುರುತುಪತ್ರ) ತೋರಿಸಿ ಒಳಗೆ ಹೋಗುತ್ತದೆ. ಕೆಲವು ವರ್ಷಗಳಿಂದ ಇದೇ ವ್ಯವಸ್ಥೆ. ಟಿಎಲ್‌ಎಸ್ ಎಂಬ ಸುರಕ್ಷಿತ ಸಂಪರ್ಕದಲ್ಲಿ ಎರಡೂ ಕಡೆಯವರು ಸರ್ಟಿಫಿಕೇಟ್ ತೋರಿಸುವ ಈ ಮ್ಯೂಚುವಲ್ ಟಿಎಲ್‌ಎಸ್ ಏನು, ಏಕೆ ಎಂಬುದು ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ನನ್ನನ್ನು ರೇಗಿಸಿದ್ದು ಒಂದೇ ಸಂಗತಿ: ಇದು ಕೈಕೊಟ್ಟಾಗ ಯಾವ ಕಡೆ ಕೆಟ್ಟಿದೆ ಎಂದು ನೆಟ್ಟಗೆ ಹೇಳುವುದಿಲ್ಲ.

‘ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್’ ಅಂದರೆ ‘ಸಹಿ ಹಾಕಿದವರ ಸರ್ಟಿಫಿಕೇಟ್ ಸಿಗಲಿಲ್ಲ’ ಎಂಬ ಸಂದೇಶವನ್ನೇ ನೋಡಿ. ಇದನ್ನು ಕಂಡವರೆಲ್ಲ ತಮ್ಮ ಕ್ಲೈಂಟ್ ಸರ್ಟಿಫಿಕೇಟನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಗಿಟ್ ದೂರುತ್ತಿರುವುದು ಸರ್ವರ್ ತೋರಿಸಿದ ಸರ್ಟಿಫಿಕೇಟಿನ ಬಗ್ಗೆ. ಸರಿಯಾದ ಸಿಎ (ಸರ್ಟಿಫಿಕೇಟ್‌ಗೆ ಸಹಿ ಹಾಕುವ ಪ್ರಾಧಿಕಾರ) ಫೈಲನ್ನು ಗಿಟ್ ಸೆಟ್ಟಿಂಗ್ ‘ಎಸ್‌ಎಸ್‌ಎಲ್‌ಸಿಎಇನ್ಫೋ’ದಲ್ಲಿ ಕೊಟ್ಟರೆ ಮುಗಿಯಿತು. ‘ಎಸ್‌ಎಸ್‌ಎಲ್‌ವೆರಿಫೈ’ ಎಂಬ ಸರ್ವರ್ ಪರೀಕ್ಷೆಯ ಸೆಟ್ಟಿಂಗನ್ನೇ ಆಫ್ ಮಾಡಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಮಧ್ಯೆ ನಿಂತವರು ಕೊಟ್ಟ ಕೋಡನ್ನೂ ನಿಮ್ಮ ಬಿಲ್ಡ್ ಯಂತ್ರ ಆಗ ನಂಬುತ್ತದೆ.

ಇನ್ನೊಂದು ತುದಿಯಲ್ಲಿ, ಸರ್ಟಿಫಿಕೇಟ್ ಹೋಗಿಯೇ ಇಲ್ಲ ಎಂದಾಗ ರೆಪಾಸಿಟರಿ ಕಡೆಯ ವೆಬ್ ಸರ್ವರ್ ಎಂಜಿನ್‌ಎಕ್ಸ್ 400 (ತಪ್ಪು ಕೋರಿಕೆ) ಎಂಬ ಉತ್ತರ ಕೊಡುತ್ತದೆ. ಕಾರಣ ಅದರ ಎಚ್‌ಟಿಎಂಎಲ್ ಪುಟದಲ್ಲಿ ಸ್ಪಷ್ಟವಾಗಿಯೇ ಇರುತ್ತದೆ, ಆದರೆ ಗಿಟ್ ನಮಗೆ ತೋರಿಸುವುದು ಬರೀ 400. ಟಿಎಲ್‌ಎಸ್ 1.3 ಬಂದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು. ಅದರಲ್ಲಿ ಕ್ಲೈಂಟ್ ತನ್ನ ಪಾಲಿನ ಹ್ಯಾಂಡ್‌ಶೇಕ್ (ಸಂಪರ್ಕ ಆರಂಭದ ಪರಸ್ಪರ ಪರಿಚಯ) ಮುಗಿಸಿದ ಮೇಲೆ ಸರ್ವರ್‌ನ ತಿರಸ್ಕಾರ ಬರುತ್ತದೆ. ಲಾಗ್‌ನಲ್ಲಿ ಸಂಪರ್ಕ ಆಯಿತೆಂದು ಕಾಣುತ್ತದೆ, ಮುಂದಿನ ಸಾಲಿನಲ್ಲಿ ಕಡಿದುಹೋಗಿರುತ್ತದೆ.

ನಮ್ಮ ಲಾಗಿನ್‌ನಲ್ಲಿ ಓಡಿದ್ದು ಬಿಲ್ಡ್‌ನಲ್ಲಿ ಓಡದಿರುವುದಂತೂ ಮಾಮೂಲು. ಬಿಲ್ಡ್ ಸರ್ವಿಸ್ ಓಡುವುದು ಬೇರೆ ಖಾತೆಯಲ್ಲಿ, ಅದರ ಹೋಮ್ ಡೈರೆಕ್ಟರಿ ಬೇರೆ, ಅದು ಓದುವ ಗಿಟ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಫೈಲ್ ಬೇರೆ. ವಿಂಡೋಸ್‌ನಲ್ಲಿ ನಿಮ್ಮ ಖಾತೆಯ ಸ್ಟೋರಿಗೆ ಹಾಕಿದ ಸರ್ಟಿಫಿಕೇಟ್ ಲೋಕಲ್ ಸಿಸ್ಟಮ್ ಖಾತೆಗೆ ಕಾಣುವುದಿಲ್ಲ. ಬಿಲ್ಡ್ ಓಡುವುದು ಕಂಟೇನರ್ ಎಂಬ ಪ್ರತ್ಯೇಕಿಸಿದ ಪರಿಸರದಲ್ಲಿ ಆದರೆ ಆ ಫೈಲುಗಳನ್ನು ನೀವೇ ಒಳಗೆ ಮೌಂಟ್ ಮಾಡಬೇಕು. ಬಿಲ್ಡ್ ಓಡಿಸುವ ಸಾಫ್ಟ್‌ವೇರ್ ಜೆಂಕಿನ್ಸ್‌ನಲ್ಲಿ ಜೆಜಿಟ್ (ಜಾವಾದಲ್ಲಿ ಬರೆದ ಗಿಟ್) ಆರಿಸಿದ್ದರೆ ನೋಡಬೇಕಾದದ್ದು ಜಾವಾ ತನ್ನ ಕೀ, ಸರ್ಟಿಫಿಕೇಟ್‌ಗಳನ್ನು ಇಡುವ ಕೀಸ್ಟೋರ್.

ಇಷ್ಟಾದರೂ ಇದನ್ನು ಬಿಡಲಿಲ್ಲ, ಅದಕ್ಕೆ ಕಾರಣ ಟಿಎಲ್‌ಎಸ್ ಸಂಪರ್ಕ ಪರೀಕ್ಷಿಸುವ ಒಂದು ಆಜ್ಞೆ, ಓಪನ್‌ಎಸ್‌ಎಸ್‌ಎಲ್‌ನ ‘ಎಸ್_ಕ್ಲೈಂಟ್’. ಬಿಲ್ಡ್ ಖಾತೆಯಿಂದಲೇ ಅದನ್ನು ಓಡಿಸಿ ರೆಪಾಸಿಟರಿಯ 443ನೇ ಪೋರ್ಟಿಗೆ ಜೋಡಿಸಿದರೆ, ಉದ್ದನೆಯ ಔಟ್‌ಪುಟ್‌ನ ನಡುವೆ ‘ಅಕ್ಸೆಪ್ಟಬಲ್ ಕ್ಲೈಂಟ್ ಸರ್ಟಿಫಿಕೇಟ್ ಸಿಎ ನೇಮ್ಸ್’ ಎಂಬ ಪಟ್ಟಿ ಬರುತ್ತದೆ. ಯಾರು ಸಹಿ ಹಾಕಿದ್ದನ್ನು ಒಪ್ಪುತ್ತೇನೆ ಎಂದು ಸರ್ವರ್ ತಾನೇ ಹೇಳುವ ಜಾಗ ಅದು. ನಮ್ಮ ಸಿಎ ಹೆಸರು ಅಲ್ಲಿ ಕಂಡಾಗ ಅರ್ಧ ಕೆಲಸ ಮುಗಿದ ನೆಮ್ಮದಿ. ಆ ಪಟ್ಟಿಯಲ್ಲಿ ಮೂಲ ಸಿಎ ಮಾತ್ರ ಇದ್ದು ನಿಮ್ಮದಕ್ಕೆ ಸಹಿ ಹಾಕಿದ್ದು ಮಧ್ಯದ ಸಿಎ ಆಗಿದ್ದರೆ, ಆ ಮಧ್ಯದ್ದನ್ನೂ ಅದೇ ಪೆಮ್ (ಸರ್ಟಿಫಿಕೇಟ್ ಇಡುವ ಪಠ್ಯರೂಪದ) ಫೈಲಿನಲ್ಲಿ ನಿಮ್ಮ ಸರ್ಟಿಫಿಕೇಟಿನ ಕೆಳಗೆ ಸೇರಿಸಿ. ಗಿಟ್ ಎರಡನ್ನೂ ಕಳಿಸುತ್ತದೆ. ಎಸ್_ಕ್ಲೈಂಟ್‌ಗೆ ಮಾತ್ರ ಸರಪಳಿಯನ್ನು, ಅಂದರೆ ಆ ಮಧ್ಯದ ಸರ್ಟಿಫಿಕೇಟನ್ನು, ಬೇರೆ ಆಯ್ಕೆಯಲ್ಲಿ ಕೊಡಬೇಕು, ಇಲ್ಲದಿದ್ದರೆ ಅದು ಮೊದಲನೆಯದನ್ನಷ್ಟೇ ಕಳಿಸುತ್ತದೆ.

ಹೊಸ ಸರ್ಟಿಫಿಕೇಟ್ ಬಂದಾಗಲೆಲ್ಲ ನಾನು ಮಾಡುವ ಒಂದು ಕೆಲಸವಿದೆ, ಅದು ನನಗೆ ಬಹಳ ಇಷ್ಟ. ಸರ್ಟಿಫಿಕೇಟಿನಿಂದ ಪಬ್ಲಿಕ್ ಕೀ ತೆಗೆದು ಹ್ಯಾಶ್ (ಬೆರಳಚ್ಚಿನಂಥ ಸಂಕೇತ) ಮಾಡುತ್ತೇನೆ, ಪ್ರೈವೇಟ್ ಕೀಯಿಂದಲೂ ಪಬ್ಲಿಕ್ ಕೀ ತೆಗೆದು ಹ್ಯಾಶ್ ಮಾಡುತ್ತೇನೆ. ಟರ್ಮಿನಲ್‌ನಲ್ಲಿ ಎರಡು ಸಾಲು ಒಂದರ ಕೆಳಗೊಂದು ನಿಲ್ಲುತ್ತವೆ. ಮೊದಲ ಅಕ್ಷರದಿಂದ ಕೊನೆಯವರೆಗೆ ಹೊಂದಿದರೆ ಜೋಡಿ ಸರಿ. ಆಮೇಲೆ ಸರ್ಟಿಫಿಕೇಟನ್ನು ಯಾವುದಕ್ಕೆ ಬಳಸಬಹುದೆಂದು ಹೇಳುವ ‘ಎಕ್ಸ್‌ಟೆಂಡೆಡ್ ಕೀ ಯೂಸೇಜ್’ನಲ್ಲಿ ಕ್ಲೈಂಟ್ ಅಥೆಂಟಿಕೇಶನ್ ಇದೆಯೇ ಎಂದು ನೋಡುತ್ತೇನೆ, ಕೊನೆಗೆ ಕೀ ಫೈಲಿನ ಅನುಮತಿ 600 (ಮಾಲೀಕ ಖಾತೆ ಮಾತ್ರ ಓದಬಹುದು, ಬರೆಯಬಹುದು) ಮಾಡಿ ಬಿಲ್ಡ್ ಖಾತೆಯ ಹೆಸರಿಗೆ ಬರೆಯುತ್ತೇನೆ. ಕೀಗೆ ಪಾಸ್‌ಫ್ರೇಸ್ ಇದ್ದರೆ ಬಿಲ್ಡ್ ಉತ್ತರಿಸುವವರಿಲ್ಲದೆ ಅಲ್ಲೇ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಗಿಟ್ ಬದಲು ಸಬ್‌ವರ್ಶನ್ ಬಳಸುವವರು ಅದರ ‘ಸರ್ವರ್ಸ್’ ಫೈಲಿನಲ್ಲಿ ಪಿಕೆಸಿಎಸ್12 (ಸರ್ಟಿಫಿಕೇಟ್, ಕೀ ಎರಡೂ ಒಟ್ಟಿಗಿರುವ) ಫೈಲಿನ ದಾರಿ ಕೊಡಬೇಕು. ಹಳೆಯ ವಿಧಾನದಲ್ಲಿ ಗೂಢಲಿಪೀಕರಿಸಿದ ಅಂಥ ಫೈಲುಗಳನ್ನು 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.0 ‘ಲೆಗಸಿ’ ಆಯ್ಕೆ ಇಲ್ಲದೆ ತೆರೆಯುವುದಿಲ್ಲ. ನೀವು ಆಪರೇಟಿಂಗ್ ಸಿಸ್ಟಮ್ ಮೇಲ್ದರ್ಜೆಗೇರಿಸಿದ ಮರುದಿನವೇ ಬಿಲ್ಡ್ ಬಿದ್ದರೆ ಮೊದಲು ಇದನ್ನು ಅನುಮಾನಿಸಿ.

ಸರ್ಟಿಫಿಕೇಟ್ ನಿರ್ವಹಣೆಗೆ ಪ್ರತ್ಯೇಕ ಸಾಫ್ಟ್‌ವೇರ್ ಕೊಳ್ಳುವಷ್ಟು ಹಣ ನಮ್ಮ ತಂಡಕ್ಕಿಲ್ಲ, ಹಾಗಾಗಿ ಸ್ವಂತದ ಒಂದು ಪುಟ್ಟ ಸಿಎ ಇಟ್ಟುಕೊಂಡಿದ್ದೇವೆ. ಈಗ ಅದೇ ಒಳ್ಳೆಯದಾಯಿತು: ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ತನ್ನ ಸರ್ಟಿಫಿಕೇಟ್‌ಗಳಲ್ಲಿ ಕ್ಲೈಂಟ್ ಅಥೆಂಟಿಕೇಶನ್ ಬಳಕೆಯನ್ನು 2026ರಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿದೆ. ಪಾಸ್‌ವರ್ಡ್ ಲಾಗ್‌ಗೆ ಸೋರುವ ಭಯವಿಲ್ಲ, ಯಾರದೋ ಪಾಸ್‌ವರ್ಡ್ ಬದಲಾಗಿ ಬಿಲ್ಡ್ ನಿಲ್ಲುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು, ಆ ದೋಷ ಸಂದೇಶಗಳು ಸರಿಯಾದ ದಿನ.

ಒಂದೆರಡು ರೆಪಾಸಿಟರಿ ಮಾತ್ರ ಇರುವವರಿಗೆ ಎಸ್‌ಎಸ್‌ಎಚ್ ಕೀ ಸಾಕು. ಕ್ಲೈಂಟ್ ಸರ್ಟಿಫಿಕೇಟನ್ನೇ ಆರಿಸುವುದಾದರೆ ಓಪನ್‌ಎಸ್‌ಎಸ್‌ಎಲ್‌ಗೆ ‘ಚೆಕ್‌ಎಂಡ್ 2592000’ (ಮೂವತ್ತು ದಿನದ ಸೆಕೆಂಡುಗಳು) ಎಂದು ಕೇಳುವ ಒಂದು ಜಾಬನ್ನು ಬಿಲ್ಡ್ ಸರ್ವರ್‌ನಲ್ಲೇ ದಿನಾ ಓಡಿಸಿ. ಅವಧಿ ಮುಗಿಯಲು ಮೂವತ್ತು ದಿನಕ್ಕಿಂತ ಕಡಿಮೆ ಇದ್ದರೆ ಅದು ಕೆಂಪಾಗುತ್ತದೆ.