ಓಡುವಾಗ ಕ್ಯಾಂಪರ್ ಬ್ಯಾಟರಿ ತುಂಬಿಸೋದು: ಮೂರು ದಾರಿ, ಒಂದೇ ರಸ್ತೆ

ನಮ್ಮ ಪಿಕಪ್ ಮೇಲೆ ಕೂರುವ, ಪುಟ್ಟ ಮನೆಯಂಥ ಕ್ಯಾಂಪರ್‌ನಲ್ಲಿ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಇದೆ. ಅದನ್ನು ಅರ್ಧಕ್ಕೆ ಇಳಿಸಿ, ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿಯಲ್ಲಿ ಬೇರೆ ಬೇರೆ ವಾರ ಬೇರೆ ಬೇರೆ ರೀತಿ ಚಾರ್ಜ್ ಮಾಡಿ ನೋಡಿದೆ. ಸುಮಾರು ಎರಡೂಕಾಲು ಗಂಟೆಯ ದಾರಿ. ಫ್ರಿಜ್ ಪ್ರತಿ ಸಲವೂ ಓಡುತ್ತಿತ್ತು.

ಮೊದಲು, ಗಾಡಿಯ ಜೊತೆಗೇ ಬಂದ ಏಳು ಪಿನ್ನಿನ ಸಾಕೆಟ್ (ಹಿಂದೆ ಟ್ರೇಲರ್ ಕಟ್ಟಿದಾಗ ಅದಕ್ಕೆ ಕರೆಂಟ್ ಕೊಡುವಂಥದ್ದು). ಫ್ಲ್ಯಾಗ್‌ಸ್ಟಾಫ್ ತಲುಪಿದಾಗ ಬ್ಯಾಟರಿಗೆ ಸೇರಿದ್ದು ಬರೀ 11 ಆಂಪಿಯರ್-ಅವರ್. ಯಾಕೆ ಅಂದರೆ ತಂತಿ ಸಣ್ಣ, ದಾರಿ ಉದ್ದ. 12 ಗೇಜ್ ತಂತಿ 20 ಅಡಿ ಹೋಗಿ 20 ಅಡಿ ವಾಪಸ್ ಬಂದರೆ, 10 ಆಂಪಿಯರ್‌ಗೇ 0.6 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಕೊಳಾಯಿ ನೀರಿನ ಕಥೆಯೇ. ಒತ್ತಡ ಇಲ್ಲದಿದ್ದರೆ ಮಹಡಿ ಮೇಲಿನ ಟ್ಯಾಂಕಿಗೆ ನೀರು ಹತ್ತಲ್ಲ, ಅಲ್ವಾ?

ಆಮೇಲೆ ದಪ್ಪ 4 ಗೇಜ್ ಕೇಬಲ್ (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ) ಎಳೆದು, ವೋಲ್ಟೇಜ್ ನೋಡಿ ಗಾಡಿಯ ಬ್ಯಾಟರಿಗೆ ಕ್ಯಾಂಪರ್ ಬ್ಯಾಟರಿಯನ್ನು ತಾನೇ ಕೂಡಿಸುವ ಸ್ವಿಚ್, ಅಂದರೆ ರಿಲೇ, ಹಾಕಿದೆ. ಹೊರಟ ತಕ್ಷಣ 40 ಆಂಪಿಯರ್! ಖುಷಿಯಾಯಿತು. ಇಪ್ಪತ್ತು ನಿಮಿಷಕ್ಕೆ ಖುಷಿ ಇಳಿಯಿತು. ಪೆಟ್ರೋಲ್ ಉಳಿಸೋಕೆ ಈಗಿನ ಗಾಡಿಗಳ ಕಂಪ್ಯೂಟರ್, ಎಂಜಿನ್ ಬಲದಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನ ವೋಲ್ಟೇಜನ್ನು ತಗ್ಗಿಸುತ್ತದೆ. ನನ್ನದು 14.2ರಿಂದ 13.1ಕ್ಕೆ ಬಂತು. ಅರ್ಧ ತುಂಬಿದ ಲಿಥಿಯಂ ಬ್ಯಾಟರಿಯೂ ಸುಮಾರು ಅಷ್ಟರಲ್ಲೇ ಇರುತ್ತದೆ. ಇನ್ನು ಕರೆಂಟ್ ಹರಿಯೋದಾದರೂ ಹೇಗೆ? ಹಗಲಲ್ಲೇ ಹೆಡ್‌ಲೈಟ್ ಹಾಕಿದರೆ ನನ್ನ ಗಾಡಿಯಲ್ಲಿ ವೋಲ್ಟೇಜ್ ಸ್ವಲ್ಪ ಏರುತ್ತಿತ್ತು, ಆದರೆ ಅದನ್ನು ನೆಚ್ಚಿಕೊಳ್ಳೋಕಾಗಲ್ಲ. ಇನ್ನೊಂದು ಭಯ ಬೇರೆ: ಲಿಥಿಯಂ ಎಷ್ಟು ಕೊಟ್ಟರೂ ಎಳೆಯುತ್ತದೆ, ಟ್ರಾಫಿಕ್‌ನಲ್ಲಿ ನಿಂತಾಗ ಆಲ್ಟರ್ನೇಟರ್ ಫ್ಯಾನ್ ನಿಧಾನ, ಆಲ್ಟರ್ನೇಟರ್ ಕಾಯುತ್ತದೆ. ಒಂದು ಮಧ್ಯಾಹ್ನ ಬಾನೆಟ್ ಎತ್ತಿದಾಗ ಬಂದ ಬಿಸಿ ವಾರ್ನಿಶ್ ವಾಸನೆ ಇನ್ನೂ ಮೂಗಲ್ಲಿದೆ. ಹಳೇ ಗಾಡಿ, ಸೀಸದ ಬ್ಯಾಟರಿ ಇರುವವರಿಗೆ ಮಾತ್ರ ರಿಲೇ ಸಾಕು.

ಈಗ ಇರೋದು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್. ಇದು ಸಂಪಿನ ಮೋಟಾರು ಇದ್ದ ಹಾಗೆ. ಕೆಳಗಿನಿಂದ 13 ವೋಲ್ಟ್ ಬಂದರೂ ಮೇಲೆತ್ತಿ 14.4 ಕೊಡುತ್ತದೆ. ಸುಮ್ನೆ ಅಲ್ಲ, ಹೊರಗೆ 30 ಕೊಡೋಕೆ ಒಳಗೆ 38ರಷ್ಟು ನುಂಗುತ್ತದೆ. ಆದರೆ ಅದಕ್ಕಿಂತ ಜಾಸ್ತಿ ಎಳೆಯಲ್ಲ, ಆಲ್ಟರ್ನೇಟರ್‌ಗೆ ಅದೇ ರಕ್ಷಣೆ. ದಾರಿಯಲ್ಲಿ ಸಿಗುವ ಕ್ಯಾಂಪ್ ವರ್ಡೆ ಊರು ದಾಟುವಾಗ 88%, ಫ್ಲ್ಯಾಗ್‌ಸ್ಟಾಫ್‌ನಲ್ಲಿ ಬಹುತೇಕ ಪೂರ್ತಿ. ಏಳು ಪಿನ್ನಿಗೆ ಇದನ್ನು ಸಿಕ್ಕಿಸಬೇಡಿ, ಫ್ಯೂಸ್ ಹೋಗುತ್ತದೆ. ದಪ್ಪ ಕೇಬಲ್, ಎರಡೂ ಬ್ಯಾಟರಿಗಳ ಹತ್ತಿರ ಒಂದೊಂದು ಫ್ಯೂಸ್ ಬೇಕೇ ಬೇಕು. ನನಗೆ ಚಾರ್ಜರ್‌ನ ಕೆಲಸ ಅರ್ಧ ಗಂಟೆ, ಗಾಡಿ ಕೆಳಗೆ ಮಲಗಿ ಕೇಬಲ್ ಎಳೆಯೋಕೆ ಇಡೀ ಶನಿವಾರ.

ಗಾಡಿಯಲ್ಲಿ ಇನ್ವರ್ಟರ್ ಇಟ್ಟು, 120 ವೋಲ್ಟ್‌ನಲ್ಲಿ ಕ್ಯಾಂಪರ್‌ನ ಮಾಮೂಲಿ ಚಾರ್ಜರ್ ಓಡಿಸುವವರೂ ಇದ್ದಾರೆ. ಗೆಳೆಯನ ಗಾಡಿಯಲ್ಲಿ ನೋಡಿದೆ. ಸಣ್ಣ ವೈರ್ ಸಾಕು ಅನ್ನೋದು ನಿಜ, ಆದರೆ ಎರಡೆರಡು ಸಲ ನಷ್ಟ, ಜೊತೆಗೆ ದಾರಿಯುದ್ದಕ್ಕೂ ಫ್ಯಾನಿನ ಗುಂಯ್.

ಜನವರಿಯಲ್ಲಿ ಮಾತ್ರ ಡಿಸಿ-ಡಿಸಿಯೂ ಕೈಕೊಟ್ಟಿತು. ಬೆಳಿಗ್ಗೆ ಮೈನಸ್ 8 ಡಿಗ್ರಿ. ಹಸಿರು ದೀಪ ಉರಿಯುತ್ತಿದೆ, ಮೀಟರ್‌ನಲ್ಲಿ ಸೊನ್ನೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ತಗೊಳ್ಳಬಾರದು, ಅದರೊಳಗಿನ ರಕ್ಷಣೆಯ ಸರ್ಕ್ಯೂಟ್ ಬೋರ್ಡ್ ಬಾಗಿಲು ಹಾಕಿತ್ತು. ಬ್ಯಾಟರಿ ಇದ್ದದ್ದು ಹೊರಗಿನ ಡಬ್ಬದಲ್ಲಿ. ಬಿಚ್ಚಿ ಒಳಗೆ ತಂದು, ಕಾಫಿ ಕಾಸಿ, ಅದು ಬೆಚ್ಚಗಾಗಲಿ ಅಂತ ಕಾದೆ. ಮತ್ತೆ ಜೋಡಿಸಿ ಎಂಜಿನ್ ಶುರು ಮಾಡಿದೆ. ಮೀಟರ್‌ನಲ್ಲಿ 30 ಬಂತು. ಬ್ಯಾಟರಿ ಆವತ್ತಿನಿಂದ ಹಾಸಿಗೆ ಕೆಳಗೇ ಇದೆ.