ರಸಾಯನಶಾಸ್ತ್ರ ಕಲಿಸುವ ನಾಲ್ಕು ಆ್ಯಪ್‌ಗಳು: ತಪ್ಪು ಮಾಡಲು ಬಿಡುವುದು ಯಾವುದು?

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಅಕ್ಕನ ಮಗಳು ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರುವ ಮುನ್ನ ಸಿಕ್ಕ ಬೇಸಿಗೆ ರಜೆಯಲ್ಲಿ, ರಸಾಯನಶಾಸ್ತ್ರ ಕಲಿಸುವ ಕೆಲವು ಆ್ಯಪ್‌ಗಳನ್ನು ಅವಳೊಂದಿಗೆ ಕೂತು ಬಳಸಿ ನೋಡಿದೆ. ಅವಳಿಗೆ ವಿಷಯ ತಿಳಿಯದೆ ಇರಲಿಲ್ಲ. ಆದರೆ ಹತ್ತು ವರ್ಷ ‘ಪ್ರತ್ಯಾಮ್ಲ’ ಎಂದು ಕಲಿತದ್ದು ಜೂನ್ ತಿಂಗಳಿನಿಂದ ‘ಬೇಸ್’ ಆಗಲಿತ್ತು, ‘ಪ್ರಕ್ಷೇಪ’ವು ‘ಪ್ರೆಸಿಪಿಟೇಟ್’ ಆಗಲಿತ್ತು, ಸಮೀಕರಣವನ್ನು ‘ಸರಿದೂಗಿಸುವ’ ಬದಲು ‘ಬ್ಯಾಲೆನ್ಸ್’ ಮಾಡಬೇಕಾಗಿತ್ತು. ಹೀಗಾಗಿ ಭಾಷೆಯ ಸೇತುವೆಯೂ ಆಗಬಲ್ಲ ಸಾಧನವೊಂದನ್ನು ಹುಡುಕಿ ಹೊರಟೆವು.

ಕೊನೆಯವರೆಗೆ ಉಳಿದದ್ದು ನಾಲ್ಕು: ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’, ಥಿಕ್ಸ್ ಸಂಸ್ಥೆಯ ‘ಬೀಕರ್’, ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಆವರ್ತಕ ಕೋಷ್ಟಕ ಮತ್ತು ನಮ್ಮ ದೇಶದ ‘ಓಲ್ಯಾಬ್ಸ್’. ಐದನೆಯದೊಂದು ಇತ್ತು, ಸಮೀಕರಣವನ್ನು ಬರೆದ ಕೂಡಲೇ ಉತ್ತರ ಕೊಡುವ ಆ ಆ್ಯಪ್ ಪ್ರತಿ ಉತ್ತರಕ್ಕೂ ಮುನ್ನ ಅರ್ಧ ನಿಮಿಷದ ಜಾಹೀರಾತು ತೋರಿಸುತ್ತಿದ್ದುದರಿಂದ ಎರಡನೆಯ ದಿನವೇ ಅದನ್ನು ತೆಗೆದುಹಾಕಿದೆವು. ಜಾಹೀರಾತು ಇಲ್ಲದಿದ್ದರೂ ಅದು ಉಳಿಯುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ಮಾಡಲು ಏನೂ ಇರಲಿಲ್ಲ.

ನನ್ನ ಅಳತೆಗೋಲು ಒಂದೇ ಆಗಿತ್ತು. ಕಲಿಯುವವರು ತಪ್ಪು ಮಾಡಿದಾಗ ಆ್ಯಪ್ ಏನು ಮಾಡುತ್ತದೆ? ತಪ್ಪು ಮಾಡಲು ಬಿಡುತ್ತದೆಯೇ, ಬಿಟ್ಟರೆ ಅದು ಯಾವ ಬಗೆಯ ತಪ್ಪು ಎಂಬುದನ್ನು ತೋರಿಸುತ್ತದೆಯೇ? ಬಣ್ಣ, ಸದ್ದು, ಮೂರು ಆಯಾಮದ ಚಿತ್ರಗಳನ್ನೆಲ್ಲ ಇದರ ನಂತರವೇ ಗಣಿಸಿದೆ.

ಈ ಅಳತೆಯಲ್ಲಿ ಫೆಟ್ ಬಹಳ ಮುಂದಿದೆ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯ ಅಣಕು ಪ್ರಯೋಗಗಳು ಅಂದರೆ ಸಿಮ್ಯುಲೇಶನ್‌ಗಳು ಬ್ರೌಸರಿನಲ್ಲಿ ಉಚಿತವಾಗಿ ಸಿಗುತ್ತವೆ. ಬಿಡಿಬಿಡಿಯಾಗಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಬಳಸಬಹುದು. ಎಲ್ಲವನ್ನೂ ಒಟ್ಟಿಗೆ ಕೊಡುವ ಆ್ಯಪ್‌ಗೆ ಮಾತ್ರ ಸಣ್ಣ ಬೆಲೆಯಿದೆ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲಿಯೂ ಇರುವುದು ನಮಗೆ ದೊಡ್ಡ ಅನುಕೂಲವಾಯಿತು: ಮೊದಲು ಕನ್ನಡದಲ್ಲಿ ಆಡಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ತೆರೆದಾಗ, ಎರಡೂ ಪದಗಳು ಒಂದೇ ಚಿತ್ರಕ್ಕೆ ಅಂಟಿಕೊಂಡವು. ಪದಪಟ್ಟಿಯನ್ನು ಬಾಯಿಪಾಠ ಮಾಡಿಸುವ ಕೆಲಸ ನನಗೆ ತಪ್ಪಿತು.

ಸಮೀಕರಣ ಸರಿದೂಗಿಸುವ ಸಿಮ್ಯುಲೇಶನ್ನಿನಲ್ಲಿ ಗುಣಾಂಕವನ್ನು (ಸೂತ್ರದ ಮೊದಲು ಬರೆಯುವ ಸಂಖ್ಯೆಯನ್ನು) ಹೆಚ್ಚಿಸಿದಂತೆಲ್ಲ ಆಯಾ ಬದಿಯಲ್ಲಿ ಅಣುಗಳ ಚಿತ್ರ ಹೆಚ್ಚುತ್ತದೆ. ಪರಮಾಣುಗಳನ್ನು ತಕ್ಕಡಿಯಲ್ಲಿ ತೂಗಿ ನೋಡುವ ಏರ್ಪಾಡೂ ಇದೆ. ಇದರ ಆಟದ ಭಾಗದಲ್ಲಿರುವ ಒಂದು ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಎಲ್ಲ ಗುಣಾಂಕಗಳನ್ನೂ ಇಮ್ಮಡಿಗೊಳಿಸಿ ಉತ್ತರ ಕೊಟ್ಟರೆ ಅದು ‘ತಪ್ಪು’ ಎಂದು ಹೇಳಿ ಮುಗಿಸುವುದಿಲ್ಲ. ಸಮೀಕರಣ ಸರಿದೂಗಿದೆ, ಆದರೆ ಸರಳ ರೂಪದಲ್ಲಿಲ್ಲ ಎಂದು ಬೇರ್ಪಡಿಸಿ ಹೇಳುತ್ತದೆ. ಉತ್ತರ ಪತ್ರಿಕೆ ತಿದ್ದುವವರಲ್ಲಿ ಎಷ್ಟು ಮಂದಿ ಈ ವ್ಯತ್ಯಾಸವನ್ನು ಬರೆದು ತೋರಿಸುತ್ತಾರೆ?

ಆದರೆ ಇದೇ ಸಿಮ್ಯುಲೇಶನ್ ಒಂದು ಮುಖ್ಯ ತಪ್ಪಿಗೆ ಅವಕಾಶವನ್ನೇ ಕೊಡುವುದಿಲ್ಲ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಕಾಗದದ ಮೇಲೆ ಸರಿದೂಗಿಸುವಾಗ, ಆಕ್ಸಿಜನ್ ಒಂದು ಕಡಿಮೆ ಬಿತ್ತೆಂದು ಮಕ್ಕಳು ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ ಎರಡು ಎಂದು ಬರೆದುಬಿಡುತ್ತಾರೆ. ಲೆಕ್ಕ ಸರಿಹೋಗುತ್ತದೆ, ಆದರೆ ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್ ತಯಾರಾಗಿರುತ್ತದೆ. ಫೆಟ್‌ನಲ್ಲಿ ಗುಣಾಂಕವನ್ನಷ್ಟೇ ಬದಲಾಯಿಸಲು ಸಾಧ್ಯ, ಸೂತ್ರವನ್ನು ಮುಟ್ಟುವಂತಿಲ್ಲ. ಆದ್ದರಿಂದ ಪರದೆಯ ಮೇಲೆ ಎಲ್ಲ ಸುತ್ತುಗಳನ್ನೂ ಗೆದ್ದವಳು ನೋಟ್‌ಬುಕ್ಕಿನಲ್ಲಿ ಅದೇ ತಪ್ಪನ್ನು ಮಾಡಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಪೆನ್ಸಿಲ್ ಹಿಡಿದು ಕೂರಿಸಿ, ಅವಳು ಬರೆದ ವಸ್ತುವಿನ ಹೆಸರೇನೆಂದು ಕೇಳಿದ ಮೇಲೆಯೇ ಅದು ನಿಂತಿತು.

ಪಿಎಚ್ (ಆಮ್ಲೀಯತೆಯ ಅಳತೆ; 7 ತಟಸ್ಥ, ಅದಕ್ಕಿಂತ ಕಡಿಮೆಯಿದ್ದರೆ ಆಮ್ಲ) ಸಿಮ್ಯುಲೇಶನ್ನಿನ ಕಥೆಯೂ ಹೀಗೆಯೇ ಎರಡು ಬದಿಯದು. ಕಾಫಿ, ಹಾಲು, ಕಿತ್ತಳೆ ರಸ, ರಕ್ತ, ಬ್ಯಾಟರಿಯ ಆಮ್ಲ, ಉಗುಳು, ಕೊನೆಗೆ ವಾಂತಿಯವರೆಗೂ ದ್ರವಗಳ ಪಟ್ಟಿಯಿದೆ. ವಾಂತಿಯ ಪಿಎಚ್ 2 ಎಂದು ತಿಳಿದ ದಿನ ಅವಳು ಅದನ್ನು ಮನೆಮಂದಿಗೆಲ್ಲ ಹೇಳಿಕೊಂಡು ಬಂದಳು. ಪಿಎಚ್ 3.5ರ ಕಿತ್ತಳೆ ರಸಕ್ಕೆ ಅಷ್ಟೇ ಪ್ರಮಾಣದ ನೀರು ಬೆರೆಸಿದರೆ ಪಿಎಚ್ 3.8ಕ್ಕೆ ಮಾತ್ರ ಏರುತ್ತದೆ, ಏಕೆಂದರೆ ಒಂದು ಅಂಕ ಏರಬೇಕಾದರೆ ಹತ್ತು ಪಟ್ಟು ತೆಳುವಾಗಬೇಕು. “ಮಾಮ, ಇನ್ನೂ ನೀರು ಹಾಕ್ತಾ ಹೋದ್ರೆ ಅದು ಪ್ರತ್ಯಾಮ್ಲ ಆಗತ್ತಾ?” ಎಂದು ಕೇಳಿದಳು. ಎಷ್ಟು ಸುರಿದರೂ ಅದು 7ರ ಹತ್ತಿರಕ್ಕೆ ಬರುತ್ತದೆಯೇ ಹೊರತು ದಾಟುವುದಿಲ್ಲವೆಂಬುದನ್ನು ತಾನೇ ನಲ್ಲಿ ತಿರುಗಿಸಿ ಕಂಡುಕೊಂಡಳು. ಆದರೆ ಈ ಸಿಮ್ಯುಲೇಶನ್ ಎಲ್ಲ ದ್ರವಗಳನ್ನೂ ಒಂದೇ ಸರಳ ಲೆಕ್ಕದಲ್ಲಿ ತೆಳುಗೊಳಿಸುತ್ತದೆ. ನಿಜವಾದ ಕಿತ್ತಳೆ ರಸದಲ್ಲಿರುವ ಸಿಟ್ರಿಕ್ ಆಮ್ಲ ದುರ್ಬಲ ಆಮ್ಲ. ನೀರು ಸೇರಿದಂತೆ ಅದರ ಇನ್ನಷ್ಟು ಅಣುಗಳು ಅಯಾನುಗಳಾಗಿ ಒಡೆಯುವುದರಿಂದ ಪಿಎಚ್ ಇನ್ನೂ ನಿಧಾನವಾಗಿ ಏರುತ್ತದೆ. ಹತ್ತನೆಯ ತರಗತಿಯವರಿಗೆ ಇದು ತೊಡಕಾಗದು. ಪಿಯುಸಿಗೆ ಹೋದವರು ಇದನ್ನು ನಂಬಿ, ಆಮ್ಲ ಅಥವಾ ಪ್ರತ್ಯಾಮ್ಲ ಸೇರಿಸಿದರೂ ಪಿಎಚ್ ಹೆಚ್ಚು ಬದಲಾಗದ ಬಫರ್ ದ್ರಾವಣದ ಪಾಠಕ್ಕೆ ಕೂರಬಾರದು.

ಬೀಕರ್ ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು. ಫೋನೇ ಬೀಕರ್ ಆಗುತ್ತದೆ. ಓರೆ ಮಾಡಿದರೆ ದ್ರವ ಚೆಲ್ಲುತ್ತದೆ, ಅಲುಗಾಡಿಸಿದರೆ ಕಲಕುತ್ತದೆ, ಕೆಳಗೆ ಬೆಂಕಿ ಹಿಡಿದು ಕಾಯಿಸಬಹುದು, ಎರಡು ಫೋನ್‌ಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ಸುರಿಯಬಹುದು. ನೀರಿಗೆ ಪೊಟ್ಯಾಸಿಯಂ ಹಾಕಿದ ಕ್ಷಣದಲ್ಲಿ ಅವಳ ಆರನೆಯ ತರಗತಿಯ ತಮ್ಮ ಫೋನನ್ನು ಕಸಿದುಕೊಂಡು ಓಡಿದವನು ಊಟದ ಹೊತ್ತಿಗೇ ಹಿಂತಿರುಗಿದ್ದು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮಗುವಿನ ಕೈಗೆ ಕೊಡಲಾಗದ ವಸ್ತುಗಳನ್ನು ಇಲ್ಲಿ ನಿರ್ಭಯವಾಗಿ ಬೆರೆಸಬಹುದೆಂಬುದು ಸಣ್ಣ ಲಾಭವಲ್ಲ.

ಆದರೆ ಇಲ್ಲಿ ತಪ್ಪು ಎಂಬುದೇ ಇಲ್ಲ. ಏನನ್ನು ಎಷ್ಟು ಹಾಕಬೇಕೆಂಬ ಪ್ರಶ್ನೆಯನ್ನು ಆ್ಯಪ್ ಕೇಳುವುದಿಲ್ಲವಾದ್ದರಿಂದ, ಕೆಲವು ಗಂಟೆಗಳ ನಂತರ ಆಟವು ಪಟ್ಟಿಯಲ್ಲಿರುವ ಎಲ್ಲವನ್ನೂ ಎಲ್ಲದರೊಂದಿಗೆ ಬೆರೆಸಿ ಯಾವುದು ಸಿಡಿಯುತ್ತದೆಂದು ನೋಡುವುದಕ್ಕೆ ಇಳಿಯಿತು. ‘ಏಕೆ’ ಎಂಬುದು ಹೊರಗಿನಿಂದಲೇ ಬರಬೇಕು. ಪೊಟ್ಯಾಸಿಯಂನಂಥ ಕ್ಷಾರ ಲೋಹ ನೀರಿನಲ್ಲಿ ಸಿಡಿಯುವುದಕ್ಕೆ ಬಿಡುಗಡೆಯಾದ ಹೈಡ್ರೋಜನ್ ಹೊತ್ತಿಕೊಳ್ಳುವುದೇ ಕಾರಣವೆಂದು ನಾವೆಲ್ಲ ಓದಿದ್ದೇವೆ. ಚೆಕ್ ವಿಜ್ಞಾನಿಗಳ ತಂಡವೊಂದು 2015ರಲ್ಲಿ ಅತಿವೇಗದ ಕ್ಯಾಮೆರಾ ಬಳಸಿ ತೋರಿಸಿದ್ದು ಬೇರೆ: ಲೋಹದಿಂದ ಎಲೆಕ್ಟ್ರಾನುಗಳು ಕ್ಷಣಾರ್ಧದಲ್ಲಿ ನೀರಿಗೆ ಹಾರಿಬಿಡುವುದರಿಂದ, ಉಳಿದ ಧನ ಆವೇಶದ ಅಯಾನುಗಳು ಪರಸ್ಪರ ತಳ್ಳಿಕೊಂಡು ಲೋಹವೇ ಮುಳ್ಳುಮುಳ್ಳಾಗಿ ಸಿಡಿದು, ಹೊಸ ಮೇಲ್ಮೈ ನೀರಿಗೆ ತಗುಲಿ ಕ್ರಿಯೆ ಭುಗಿಲೇಳುತ್ತದೆ. ಇದನ್ನು ಹೇಳಿದ ಮೇಲೆ ಅಕ್ಕನ ಮಗಳು ಮತ್ತೆ ಪೊಟ್ಯಾಸಿಯಂ ಹಾಕಿ ಪರದೆಯನ್ನು ದಿಟ್ಟಿಸಿದಳು. ಅಲ್ಲಿ ಕಂಡದ್ದು ಮೊದಲಿನಂತೆ ಮಿಂಚು ಮತ್ತು ಹೊಗೆ ಮಾತ್ರ.

ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಆವರ್ತಕ ಕೋಷ್ಟಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಉಚಿತ, ಜಾಹೀರಾತಿಲ್ಲ, ಅಂಕಿಅಂಶಗಳನ್ನು ನೆಚ್ಚಬಹುದು. ಆದರೆ ಅದು ಮಾಹಿತಿಕೋಶ, ಪ್ರಯೋಗಶಾಲೆಯಲ್ಲ, ಹಾಗಾಗಿ ನನ್ನ ಅಳತೆಗೋಲಿಗೆ ಅದು ಸಿಗುವುದೂ ಇಲ್ಲ. ಪ್ರಶ್ನೆಯನ್ನು ಜೊತೆಯಲ್ಲಿ ಒಯ್ದರೆ ಮಾತ್ರ ಅದು ಮಾತಾಡುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಯಾವ ಲೋಹಗಳು ದ್ರವವಾಗಿರುತ್ತವೆ ಎಂದು ಕೇಳಿದೆ. ಪಾದರಸವೆಂದು ಥಟ್ಟನೆ ಹೇಳಿದವಳು, ಕರಗುವ ಬಿಂದುಗಳನ್ನು ಹುಡುಕುತ್ತ 28.5 ಡಿಗ್ರಿಯ ಸೀಸಿಯಂ, 29.8 ಡಿಗ್ರಿಯ ಗ್ಯಾಲಿಯಂ ಸಿಕ್ಕಾಗ ಸಂತೋಷಪಟ್ಟಳು. ಸೊಸೈಟಿಯ ಜಾಲತಾಣದಲ್ಲಿರುವ ಕೋಷ್ಟಕವು ಧಾತುಗಳನ್ನು ಹೆಚ್ಚಾಗಿ ಉತ್ಪಾದಿಸುವ ದೇಶಗಳನ್ನೂ ಪೂರೈಕೆ ಕೈತಪ್ಪುವ ಅಪಾಯ ಎಷ್ಟೆಂಬುದನ್ನೂ ಕೊಡುತ್ತದೆ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ನಿಕ್ಷೇಪ ಸಿಕ್ಕ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದವರಿಗೆ ಆ ಪುಟ ಬೇರೆಯೇ ರುಚಿ ಕೊಡುತ್ತದೆ.

ಓಲ್ಯಾಬ್ಸ್ ಅನ್ನು ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಕೂಡಿ ರೂಪಿಸಿವೆ. ಸಿಬಿಎಸ್‌ಇಯ ಒಂಬತ್ತರಿಂದ ಹನ್ನೆರಡನೆಯ ತರಗತಿಯ ಪ್ರಯೋಗಗಳನ್ನು ಆಧರಿಸಿದ್ದರೂ, ನಮ್ಮ ಪಿಯುಸಿ ವಿಜ್ಞಾನಕ್ಕೂ ಎನ್‌ಸಿಇಆರ್‌ಟಿ ಪಠ್ಯವೇ ಇರುವುದರಿಂದ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಪ್ರಯೋಗಕ್ಕೂ ಸಿದ್ಧಾಂತ, ವಿಧಾನ, ಅನಿಮೇಶನ್, ಸಿಮ್ಯುಲೇಶನ್, ವಿಡಿಯೊ, ವೈವಾ ಪ್ರಶ್ನೆಗಳು ಬೇರೆ ಬೇರೆ ಪುಟಗಳಲ್ಲಿವೆ. ನೋಟಕ್ಕೆ ಫೆಟ್‌ನ ನಯವಿಲ್ಲ, ಸಣ್ಣ ಪರದೆಯಲ್ಲಿ ಗುಂಡಿಗಳನ್ನು ಒತ್ತುವುದು ಕಷ್ಟ. ಟ್ಯಾಬ್ ಅಥವಾ ಕಂಪ್ಯೂಟರ್ ಇದ್ದರೆ ಒಳ್ಳೆಯದು.

ಅದರ ಟೈಟ್ರೇಶನ್ ಪ್ರಯೋಗದಲ್ಲಿ (ಒಂದು ದ್ರಾವಣವನ್ನು ಹನಿಹನಿಯಾಗಿ ಇನ್ನೊಂದಕ್ಕೆ ಬಿಟ್ಟು ಅದರ ಸಾರತೆಯನ್ನು ಅಳೆಯುವುದು) ಆಮ್ಲ, ಪ್ರತ್ಯಾಮ್ಲ, ಅವುಗಳ ಸಾರತೆ ಮತ್ತು ಬ್ಯೂರೆಟ್ಟಿನಿಂದ, ಅಂದರೆ ಅಳತೆ ಗುರುತಿರುವ ಗಾಜಿನ ನಳಿಕೆಯಿಂದ, ಹನಿ ಬೀಳುವ ವೇಗವನ್ನು ನಾವೇ ಆರಿಸಬೇಕು. ವೇಗದಲ್ಲೇ ಪಾಠವಿದೆ. ಆತುರಪಟ್ಟರೆ ತಿಳಿಗುಲಾಬಿ ಕಾಣುವಷ್ಟರಲ್ಲಿ ಕ್ರಿಯೆ ಮುಗಿಯುವ ಅಂತಿಮ ಬಿಂದು ಹಿಂದೆ ಬಿದ್ದಿರುತ್ತದೆ. ಆಕ್ಸಾಲಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬಿಡುವಾಗ ಬಣ್ಣ ಬದಲಿಸುವ ಸೂಚಕವಾಗಿ ಫಿನಾಲ್ಫ್ತಲೀನ್ ಏಕೆ ಬೇಕು, ಮೀಥೈಲ್ ಆರೆಂಜ್ ಏಕೆ ಬೇಡ ಎಂಬುದನ್ನು ಚರ್ಚಿಸಲು ನಮಗೆ ಒಂದು ಸಂಜೆಯೇ ಹಿಡಿಯಿತು: ಮೀಥೈಲ್ ಆರೆಂಜ್ ಪಿಎಚ್ 4.4ರ ಹೊತ್ತಿಗೇ ಬಣ್ಣ ಬದಲಿಸಿ ಮುಗಿಸಿರುತ್ತದೆ, ಆದರೆ ಇಲ್ಲಿ ಆಮ್ಲ ಪೂರ್ತಿ ಮುಗಿಯುವುದು ಪಿಎಚ್ 8ರ ಆಸುಪಾಸಿನಲ್ಲಿ. ಪ್ರಯೋಗಶಾಲೆಯ ಕ್ರಮವನ್ನು ಕಲಿಯಲು ಈ ನಾಲ್ಕರಲ್ಲಿ ಓಲ್ಯಾಬ್ಸ್‌ಗೆ ಎದುರಾಳಿಯಿಲ್ಲ.

ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಎಸ್ಸೆಸ್ಸೆಲ್ಸಿವರೆಗಿನವರಿಗೆ ಫೆಟ್, ಪಿಯುಸಿಯವರಿಗೆ ಓಲ್ಯಾಬ್ಸ್ ಎಂದು ಹೇಳುತ್ತೇನೆ. ಕೋಷ್ಟಕ ಯಾರ ಫೋನಿನಲ್ಲಾದರೂ ಇರಲಿ. ಬೀಕರ್ ನಮ್ಮಲ್ಲಿ ಉಳಿದಿರುವುದು ಅವಳ ತಮ್ಮನ ಹಟದಿಂದ.

ಜುಲೈನಲ್ಲಿ ಕಾಲೇಜಿನ ಪ್ರಯೋಗಶಾಲೆಯಿಂದ ಬಂದವಳು ತನ್ನ ಟೈಟ್ರೇಶನ್‌ನ ಮೊದಲ ಮೂರು ಅಳತೆಗಳನ್ನು ತೋರಿಸಿದಳು. ಎರಡು ಒಂದಕ್ಕೊಂದು ಹೊಂದುತ್ತಿದ್ದವು. ಮೊದಲನೆಯದು ಮಾತ್ರ 0.6 ಮಿಲಿ ಲೀಟರ್ ಹೆಚ್ಚಿತ್ತು. ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆಯೊಂದು ಉಳಿದುಬಿಟ್ಟಿತ್ತಂತೆ. “ಓಲ್ಯಾಬ್ಸ್‌ನಲ್ಲಿ ಗುಳ್ಳೆ ಬರೋದೇ ಇಲ್ಲ ಮಾಮ” ಎಂದಳು.